ಬೋರ್ಡ್ ಔಟ್ ಆಗಿ ಊರಿಗೆ ಬಂದ ಸೈನಿಕನ ಪಿಂಚಣಿ: ಯಾವ ಕಾಗದ, ಯಾವ ಕಚೇರಿ, ಎಲ್ಲಿ ಕೆಡುತ್ತದೆ

ಕಾಯಿಲೆಯಿಂದಲೋ ಗಾಯದಿಂದಲೋ ಸೈನ್ಯದಿಂದ ಬೋರ್ಡ್ ಔಟ್ ಆಗಿ, ಅಂದರೆ ಸೇವೆಗೆ ಅನರ್ಹ ಎಂದು ಮೆಡಿಕಲ್ ಬೋರ್ಡ್ ಹೇಳಿ, ಊರಿಗೆ ಬಂದವರ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಇವನ ಕೈಲಿ ಈಗ ಯಾವ ಕೆಲಸಾನೂ ಆಗಲ್ಲ, ಪೆನ್ಷನ್ ಕೊಡೋಕೆ ಅಷ್ಟು ಸಾಲದಾ?" ಸಾಲದು. ನಮ್ಮ ಸೈನಿಕ ಪಿಂಚಣಿ ನಿಯಮಗಳು ಮೊದಲು ನೋಡುವುದು ಕಾಯಿಲೆಗೂ ಸೇವೆಗೂ ನಂಟಿದೆಯೇ ಎಂದು. ಆಮೇಲೆ, ಅಂಗವೈಕಲ್ಯ ಶೇಕಡ ಎಷ್ಟು ಎಂದು. ಕೆಲಸ ಮಾಡಲು ಆಗುತ್ತದೋ ಇಲ್ಲವೋ ಎಂಬ ಮಾತು ತೀರಾ ಕೊನೆಗೆ, ಅದೂ ಕೆಲವು ಪ್ರಕರಣಗಳಲ್ಲಿ ಮಾತ್ರ ಬರುತ್ತದೆ. ಈ ಕ್ರಮ ಗೊತ್ತಿಲ್ಲದೆ ಬರೆದ ಅರ್ಜಿಗಳು ಮನೆಯ ಕಷ್ಟವನ್ನು ನಾಲ್ಕು ಪುಟ ಹೇಳುತ್ತವೆ, ಕಾಯಿಲೆ ಎಲ್ಲಿ ಶುರುವಾಯಿತು ಎಂಬುದನ್ನು ಒಂದು ಸಾಲಿನಲ್ಲೂ ಹೇಳುವುದಿಲ್ಲ. ತಿರಸ್ಕಾರದ ಪತ್ರ ಬಂದಾಗ ಮನೆಯವರಿಗೆ ಏಕೆಂದೇ ತಿಳಿಯುವುದಿಲ್ಲ.

ಅಮೆರಿಕದಲ್ಲಿ ಬೇರೆ ವ್ಯವಸ್ಥೆ ಇದೆ. ಅಲ್ಲಿ ಸೇವೆಗೆ ಸಂಬಂಧಿಸಿದ ಒಂದೇ ಅಂಗವೈಕಲ್ಯ ಶೇ 60 ಇದ್ದು, ಅದರಿಂದ ದುಡಿದು ಬದುಕಲು ಆಗದಿದ್ದರೆ ಶೇ 100ರ ದರದಲ್ಲೇ ಹಣ ಕೊಡುವ ದಾರಿಯಿದೆ. ಯೂಟ್ಯೂಬ್‌ನಲ್ಲಿ ಅದನ್ನು ನೋಡಿ ಇಲ್ಲಿಯೂ ಹಾಗೇ ಎಂದು ಕೆಲವರು ತಿಳಿದುಕೊಂಡಿದ್ದಾರೆ. ಭಾರತದಲ್ಲಿ ಅಂಥ ನಿಯಮ ಇಲ್ಲ. ಆದರೆ ಇಲ್ಲಿ ಒಂದು ಅನುಕೂಲವೂ ಇದೆ: ಡಿಸೆಬಿಲಿಟಿ ಪೆನ್ಷನ್ (ಅಂಗವೈಕಲ್ಯ ಪಿಂಚಣಿ) ಬರುತ್ತಿರುವಾಗ ಬ್ಯಾಂಕಿನಲ್ಲಿ ಗಾರ್ಡ್ ಆಗಿ ಸೇರಿದರೂ, ಅಂಗಡಿ ಇಟ್ಟರೂ ಆ ಪಿಂಚಣಿ ನಿಲ್ಲುವುದಿಲ್ಲ. ಕೆಲಸಕ್ಕೆ ಹೋದರೆ ಪೆನ್ಷನ್ ಹೋಗುತ್ತದೆ ಎಂಬ ಹೆದರಿಕೆಯಿಂದ ಮನೆಯಲ್ಲೇ ಕೂರಬೇಕಾಗಿಲ್ಲ.

ಇಡೀ ಪ್ರಕರಣ ನಿಲ್ಲುವುದು ಒಂದು ಕಾಗದದ ಮೇಲೆ. ಮೆಡಿಕಲ್ ಬೋರ್ಡಿನ ನಡಾವಳಿ, ಎಎಫ್‌ಎಂಎಸ್‌ಎಫ್-16 ಎಂಬ ಫಾರ್ಮ್. ಅವಧಿಗೆ ಮೊದಲೇ ಅನರ್ಹ ಎಂದು ಕಳಿಸುವಾಗ ಕೂರುವುದು ಇನ್‌ವ್ಯಾಲಿಡಿಂಗ್ ಬೋರ್ಡ್. ಅವಧಿ ಮುಗಿಸಿ ಬರುವವರಿಗೆ ರಿಲೀಸ್ ಬೋರ್ಡ್. ಫಾರ್ಮ್ ಎರಡಕ್ಕೂ ಅದೇ. ಅದರಲ್ಲಿ ಸೈನಿಕನದೇ ಹೇಳಿಕೆಯ ಭಾಗ, ಕಮಾಂಡಿಂಗ್ ಆಫೀಸರ್ ತುಂಬುವ ಭಾಗ, ತಜ್ಞ ವೈದ್ಯರ ಅಭಿಪ್ರಾಯ, ಕೊನೆಗೆ ಬೋರ್ಡಿನ ತೀರ್ಮಾನ ಇರುತ್ತವೆ. ತೀರ್ಮಾನದ ಕಲಂನಲ್ಲಿ ಮೂರು ಸಾಧ್ಯತೆಗಳು: ಕಾಯಿಲೆ ಸೇವೆಯಿಂದಲೇ ಬಂದದ್ದು, ಅಂದರೆ 'ಆಟ್ರಿಬ್ಯೂಟಬಲ್'; ಬೇರೆ ಕಾರಣಕ್ಕೆ ಬಂದು ಸೇವೆಯಿಂದ ಉಲ್ಬಣಿಸಿದ್ದು, ಅಂದರೆ 'ಆಗ್ರವೇಟೆಡ್'; ಎರಡೂ ಅಲ್ಲ. ಮೂರನೆಯದನ್ನು ಕಡತಗಳಲ್ಲಿ 'ಎನ್‌ಎಎನ್‌ಎ' ಎಂದು ಚಿಕ್ಕದಾಗಿ ಬರೆಯುತ್ತಾರೆ. ಈ ನಾಲ್ಕು ಅಕ್ಷರ ಬಿದ್ದರೆ ಶೇಕಡ 30 ಇರಲಿ, 80 ಇರಲಿ, ಡಿಸೆಬಿಲಿಟಿ ಎಲಿಮೆಂಟ್, ಅಂದರೆ ಪಿಂಚಣಿಯಲ್ಲಿ ಅಂಗವೈಕಲ್ಯಕ್ಕೆಂದು ಕೊಡುವ ಭಾಗ, ಸಿಗುವುದಿಲ್ಲ. ಮೊದಲ ಎರಡರಲ್ಲಿ ಯಾವುದೇ ಒಂದಿದ್ದರೂ ಹಕ್ಕು ಒಂದೇ, ಹಣವೂ ಒಂದೇ. ಆದ್ದರಿಂದ "ಸೇವೆಯಿಂದಲೇ ಬಂತು" ಎಂದು ಸಾಧಿಸುವುದು ಕಷ್ಟವಿರುವಾಗ "ಸೇವೆಯಿಂದ ಹೆಚ್ಚಾಯಿತು" ಎಂದು ತೋರಿಸಿದರೂ ಸಾಕು. ರಕ್ತದೊತ್ತಡ, ಹೃದ್ರೋಗ, ಮಾನಸಿಕ ಕಾಯಿಲೆಗಳಲ್ಲಿ ಬಹುಪಾಲು ಗೆದ್ದ ಪ್ರಕರಣಗಳ ದಾರಿ ಇದೇ.

ಬೋರ್ಡಿನ ಮುಂದೆ ಕೂರುವ ಮೊದಲು

ಸ್ವಂತ ಹೇಳಿಕೆಯ ಭಾಗವನ್ನು ಆಸ್ಪತ್ರೆಯ ಕ್ಲರ್ಕ್ ತುಂಬಿ "ಇಲ್ಲಿ ಸೈನ್ ಹಾಕು" ಅನ್ನುವುದು ಮಾಮೂಲು. ಅಲ್ಲಿಗೇ ಅರ್ಧ ಕೆಟ್ಟಿತು. ಆ ಭಾಗದಲ್ಲಿ ಎಲ್ಲೆಲ್ಲಿ ಪೋಸ್ಟಿಂಗ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಅದು ಪೀಸೋ (ಶಾಂತ ಪ್ರದೇಶ) ಫೀಲ್ಡೋ (ಗಡಿ, ಕಾರ್ಯಾಚರಣೆಯ ಪ್ರದೇಶ) ಎಂದು ಬರೆಯಬೇಕು. ಎತ್ತರದ ಪ್ರದೇಶ, ಭಯೋತ್ಪಾದನಾ ನಿಗ್ರಹದ ಕಾರ್ಯಾಚರಣೆ ಇದ್ದರೆ ಹಾಗೆಂದೇ ನಮೂದಿಸಬೇಕು. ಸೇರುವ ಮೊದಲು ಈ ಕಾಯಿಲೆ ಇತ್ತೇ ಎಂಬ ಪ್ರಶ್ನೆಯೂ ಅಲ್ಲಿದೆ. "ಚಿಕ್ಕಂದಿನಲ್ಲಿ ಒಮ್ಮೆ ತಲೆ ಸುತ್ತಿ ಬಿದ್ದಿದ್ದೆ" ಎಂದು ಮಾತಿಗೆ ಹೇಳಿದ್ದು ಅಲ್ಲಿ "ಸೇರುವ ಮೊದಲೇ ಇತ್ತು" ಎಂದು ಬರೆದುಹೋದರೆ ಅದನ್ನು ತೆಗೆಸಲು ವರ್ಷಗಳು ಬೇಕು. ಸುಳ್ಳು ಹೇಳಿ ಎಂದಲ್ಲ. ವೈದ್ಯರು ರೋಗ ಎಂದು ಗುರುತಿಸದ ಸಣ್ಣಪುಟ್ಟದ್ದನ್ನು ರೋಗದ ಇತಿಹಾಸ ಮಾಡಬೇಡಿ. ಫಾರ್ಮಿನ ಇಂಗ್ಲಿಷ್ ಅರ್ಥವಾಗದಿದ್ದರೆ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಮಾಡಿ.

ಶಸ್ತ್ರಚಿಕಿತ್ಸೆ ಬೇಡ ಎಂದು ಬರೆದುಕೊಡುವ ಕಾಗದ ಇನ್ನೊಂದು ಹಳ್ಳ. ಮೊಣಕಾಲು, ಬೆನ್ನುಹುರಿಯ ತೊಂದರೆ ಇರುವವರಲ್ಲಿ ಹಲವರು ಹೆದರಿಕೆಯಿಂದ 'ಅನ್‌ವಿಲ್ಲಿಂಗ್' ಎಂದು ಸಹಿ ಮಾಡಿಬಿಡುತ್ತಾರೆ. ಚಿಕಿತ್ಸೆಯನ್ನು ನಿರಾಕರಿಸಿದ್ದಾನೆಯೇ, ನಿರಾಕರಣೆಗೆ ತಕ್ಕ ಕಾರಣವಿದೆಯೇ ಎಂದು ಬೋರ್ಡಿನ ಫಾರ್ಮ್‌ನಲ್ಲೇ ಕಲಂ ಇದೆ. ಕಾರಣವಿಲ್ಲದ ನಿರಾಕರಣೆ ಎಂದು ಬರೆದರೆ ಶೇಕಡ ಕಡಿಮೆಯಾಗುತ್ತದೆ. ಆಪರೇಷನ್ ಬೇಡ ಅನ್ನಿಸಿದರೆ ಕಾರಣವನ್ನೂ ಅದೇ ಕಾಗದದಲ್ಲಿ ಬರೆಯಿರಿ: ಗುಣವಾಗುವ ಖಾತರಿ ಇಲ್ಲವೆಂದು ಸರ್ಜನ್ ಹೇಳಿದ್ದು, ಬೇರೆ ಕಾಯಿಲೆಯಿಂದ ಅಪಾಯ ಇರುವುದು, ಏನಿದೆಯೋ ಅದು.

ಗಾಯವಾಗಿದ್ದರೆ ಐಎಎಫ್‌ವೈ-2006 ಎಂಬ ಗಾಯದ ವರದಿ ಬೇಕೇ ಬೇಕು. ಪೆಟ್ಟು ಕರ್ತವ್ಯದ ಮೇಲಿದ್ದಾಗ ಆಯಿತೇ ಎಂದು ಕಮಾಂಡಿಂಗ್ ಆಫೀಸರ್ ಅಭಿಪ್ರಾಯ ಬರೆಯುವುದು ಅದರಲ್ಲಿ. ದೊಡ್ಡ ಪೆಟ್ಟಾದರೆ ಕೋರ್ಟ್ ಆಫ್ ಎಂಕ್ವೈರಿಯೂ ನಡೆಯುತ್ತದೆ. ಆಟದ ಮೈದಾನದಲ್ಲಿ, ಪಿಟಿಯಲ್ಲಿ ಮೊಣಕಾಲು ತಿರುಚಿದಾಗ "ಸಣ್ಣದು ಬಿಡು" ಎಂದು ವರದಿ ಬರೆಸದೆ ಬಿಟ್ಟವರು ಹತ್ತು ವರ್ಷದ ನಂತರ ಅದೇ ಮೊಣಕಾಲಿಗೆ ಬೋರ್ಡ್ ಔಟ್ ಆಗುವಾಗ ಸಾಕ್ಷಿಯಿಲ್ಲದೆ ನಿಲ್ಲುತ್ತಾರೆ. ಸೇವೆಯಲ್ಲಿ ಇನ್ನೂ ಇರುವವರು ಈ ಬರಹದಿಂದ ಒಂದೇ ಒಂದನ್ನು ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಲಿ: ಪೆಟ್ಟಾದ ದಿನವೇ ವರದಿ ಬರೆಸಿ, ಒಂದು ಪ್ರತಿ ಊರಿಗೆ ಕಳಿಸಿ.

ರಜೆಯಲ್ಲಿ ಆದ ಅಪಘಾತಗಳು ತೊಡಕಿನವು. ಡ್ಯೂಟಿ ಸ್ಥಳದಿಂದ ಮನೆಗೆ, ಮನೆಯಿಂದ ಡ್ಯೂಟಿ ಸ್ಥಳಕ್ಕೆ ಅಧಿಕೃತವಾಗಿ ಪ್ರಯಾಣ ಮಾಡುತ್ತಿದ್ದಾಗ ಆದದ್ದು ಕರ್ತವ್ಯದಲ್ಲಿ ಆದಂತೆ. ಊರಿಗೆ ಬಂದ ಮೇಲೆ ಬೈಕಿನಲ್ಲಿ ಸಂತೆಗೆ ಹೋಗುವಾಗ ಬಿದ್ದರೆ ಅದಕ್ಕೂ ಸೈನಿಕ ಸೇವೆಗೂ ನಂಟು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ, ಅಂಥ ಪ್ರಕರಣಗಳು ಬಹುತೇಕ ಸೋತಿವೆ. ಪ್ರಯಾಣದ ಅಪಘಾತವಾದರೆ ರೈಲ್ವೆ ವಾರಂಟ್ ಅಥವಾ ಟಿಕೆಟ್, ರಜೆಯ ಸರ್ಟಿಫಿಕೇಟ್, ಎಫ್‌ಐಆರ್, ಮೊದಲು ಸೇರಿಸಿದ ಆಸ್ಪತ್ರೆಯ ಚೀಟಿ, ಇವು ನಾಲ್ಕೂ ಇರಲಿ.

ಹೃದ್ರೋಗಕ್ಕೆ ಬೇರೊಂದು ಕಾಗದವಿದೆ. ರೋಗ ಕಾಣಿಸಿಕೊಳ್ಳುವ ಮೊದಲಿನ 14 ದಿನ ಏನೇನು ಡ್ಯೂಟಿ ಮಾಡಿದ ಎಂಬ ಪಟ್ಟಿಯನ್ನು ಯೂನಿಟ್ ಕೊಡಬೇಕು. ರಾತ್ರಿ ಗಾರ್ಡ್, ರೂಟ್ ಮಾರ್ಚ್, ಫೈರಿಂಗ್, ಚಳಿಯಲ್ಲಿ ಗಸ್ತು, ಇದ್ದದ್ದೆಲ್ಲ ಅದರಲ್ಲಿ ಬರಬೇಕು. ಯೂನಿಟ್ ಇದನ್ನು "ಮಾಮೂಲು ಕರ್ತವ್ಯ" ಎಂದು ಒಂದೇ ಪದದಲ್ಲಿ ಮುಗಿಸಿದರೆ ಬೋರ್ಡ್ ಅದನ್ನೇ ಹಿಡಿದು ನಂಟಿಲ್ಲ ಎನ್ನುತ್ತದೆ. ಆಸ್ಪತ್ರೆಯಲ್ಲಿ ಮಲಗಿರುವಾಗಲೇ ಯೂನಿಟ್‌ನ ಹೆಡ್ ಕ್ಲರ್ಕ್‌ಗೆ ಫೋನ್ ಮಾಡಿಸಿ ಡ್ಯೂಟಿ ರಿಜಿಸ್ಟರ್ ನೋಡಿ ಬರೆಯಲು ಕೇಳಿಕೊಳ್ಳಿ.

"ಪೀಸ್ ಸ್ಟೇಷನ್‌ನಲ್ಲಿ ಶುರುವಾಯಿತು" ಎಂಬ ಕಾರಣ

ತಿರಸ್ಕಾರದ ಪತ್ರಗಳಲ್ಲಿ ಪದೇ ಪದೇ ಕಾಣುವ ಸಾಲುಗಳು ಎರಡು. ಕಾಯಿಲೆ ಪೀಸ್ ಸ್ಟೇಷನ್‌ನಲ್ಲಿ ಶುರುವಾಗಿದೆ ಎಂಬುದು ಒಂದು. ಇದು ದೇಹಪ್ರಕೃತಿಯಿಂದ ಬಂದ ಕಾಯಿಲೆ ಎಂಬುದು ಇನ್ನೊಂದು. ಈ ಎರಡು ಸಾಲು ಓದಿ ಮನೆಯಲ್ಲಿ ಎಲ್ಲರೂ ಕೈಚೆಲ್ಲುತ್ತಾರೆ. ಕೈಚೆಲ್ಲಬಾರದು.

2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಕೊಟ್ಟ ಧರಮ್‌ವೀರ್ ಸಿಂಗ್ ತೀರ್ಪು ಇಲ್ಲಿ ಆಧಾರ. 1985ರಲ್ಲಿ ಸಿಗ್ನಲ್ಸ್‌ಗೆ ಸೇರಿ ಸುಮಾರು ಒಂಬತ್ತು ವರ್ಷ ಸೇವೆಯ ಬಳಿಕ ಫಿಟ್ಸ್ ಕಾರಣಕ್ಕೆ ಹೊರಬಂದ ಸಿಪಾಯಿಯ ಪ್ರಕರಣ ಅದು. ಬೋರ್ಡ್ ಶೇ 20 ಎಂದು ಬರೆದು, ಸೇವೆಗೂ ಇದಕ್ಕೂ ನಂಟಿಲ್ಲ ಎಂದಿತ್ತು. ಕೋರ್ಟ್ ಹೇಳಿದ್ದರ ಸಾರ ಇಷ್ಟು: ಸೇರುವಾಗ ವೈದ್ಯಕೀಯ ತಪಾಸಣೆ ಮಾಡಿ ತೆಗೆದುಕೊಂಡಿದ್ದೀರಿ, ಆಗ ಯಾವ ಕಾಯಿಲೆಯನ್ನೂ ಬರೆದಿಲ್ಲ ಎಂದರೆ ಆತ ಆರೋಗ್ಯವಂತನಾಗಿದ್ದ ಎಂದೇ ಹಿಡಿಯಬೇಕು. ಆಮೇಲೆ ಕೆಟ್ಟ ಆರೋಗ್ಯ ಸೇವೆಯಿಂದ ಕೆಟ್ಟಿತು ಎಂದೇ ಭಾವಿಸಬೇಕು. ಅಲ್ಲ ಎನ್ನುವವರು ಅದನ್ನು ಸಾಬೀತುಪಡಿಸಬೇಕು, ಸೈನಿಕನಲ್ಲ. ಸಂಶಯವಿದ್ದರೆ ಲಾಭ ಸೈನಿಕನಿಗೆ. ಸೇರುವಾಗ ಪತ್ತೆಹಚ್ಚಲು ಆಗುತ್ತಿರಲಿಲ್ಲ ಎಂದು ಬೋರ್ಡ್ ಹೇಳುವುದಾದರೆ ಕಾರಣ ಬರೆಯಬೇಕು. 2015ರ ಫೆಬ್ರವರಿಯ ರಾಜ್‌ಬೀರ್ ಸಿಂಗ್ ತೀರ್ಪು ಇದನ್ನೇ ಗಟ್ಟಿಗೊಳಿಸಿತು. ಕಾರಣ ಕೊಡದ ಬೋರ್ಡಿನ ಅಭಿಪ್ರಾಯ ನಿಲ್ಲುವುದಿಲ್ಲ ಎಂದು 2025ರಲ್ಲಿಯೂ ಸುಪ್ರೀಂ ಕೋರ್ಟ್ ಹೇಳಿದೆ.

ಆದ್ದರಿಂದ ಬೋರ್ಡಿನ ಪ್ರತಿ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಶೇಕಡವನ್ನಲ್ಲ. ಕಾರಣದ ಕಲಂನಲ್ಲಿ ಎಷ್ಟು ಬರೆದಿದ್ದಾರೆ ಎಂದು ನೋಡಿ. "ದೇಹಪ್ರಕೃತಿಯ ಕಾಯಿಲೆ, ಸೇವೆಗೆ ಸಂಬಂಧವಿಲ್ಲ" ಎಂದು ಒಂದೇ ಸಾಲು ಇದ್ದರೆ ಅದು ಕಾರಣವಲ್ಲ, ತೀರ್ಮಾನವನ್ನೇ ಇನ್ನೊಮ್ಮೆ ಹೇಳಿದ್ದು. ಅಪೀಲಿನ ಮೊದಲ ಅಂಶ ಅದೇ ಆಗಬೇಕು. ಎರಡನೆಯ ಅಂಶ, ಸೇರುವಾಗಿನ ತಪಾಸಣೆಯಲ್ಲಿ ಏನೂ ದಾಖಲಾಗಿಲ್ಲ ಎಂಬುದು. ಮೂರನೆಯದು, ಪೀಸ್‌ನಲ್ಲಿ ಕಾಣಿಸಿಕೊಂಡರೂ ಅದಕ್ಕೆ ಹಿಂದೆ ಎಷ್ಟು ವರ್ಷ ಫೀಲ್ಡ್‌ನಲ್ಲಿ ಕಳೆದಿದ್ದ ಎಂಬ ಪಟ್ಟಿ. ಫೀಲ್ಡ್‌ನಿಂದ ಇಳಿದು ಬಂದ ಕೆಲವೇ ತಿಂಗಳಲ್ಲಿ ಬಿಪಿ ಪತ್ತೆಯಾಗಿದ್ದರೆ ಆ ಎರಡು ತಾರೀಖುಗಳನ್ನು ಅಕ್ಕಪಕ್ಕ ಬರೆಯಿರಿ. ಓದುವವರಿಗೆ ವಾದವೇ ಬೇಕಾಗುವುದಿಲ್ಲ.

2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದಿವೆ. ಆ ದಿನಾಂಕದ ಹಿಂದೆ ಹೊರಬಂದವರಿಗೆ ಆಗ ಜಾರಿಯಲ್ಲಿದ್ದ 1982ರ ಅಥವಾ 2008ರ ನಿಯಮಗಳೇ ಅನ್ವಯ. ಹಳಬರ ಅಪೀಲಿಗೆ ಹೊಸ ನಿಯಮದ ಆಧಾರ ಕೊಟ್ಟು ತಿರಸ್ಕರಿಸಿದ್ದರೆ ಅದನ್ನು ಪ್ರಶ್ನಿಸಬಹುದು. ಹೊಸ ನಿಯಮಗಳಲ್ಲಿ, ಕಾಯಿಲೆ ಇದ್ದೂ ಸೇವೆಯಲ್ಲಿ ಮುಂದುವರಿದು ನಿವೃತ್ತರಾದವರಿಗೆ ಸಿಗುವುದಕ್ಕೆ 'ಇಂಪೇರ್‌ಮೆಂಟ್ ರಿಲೀಫ್' ಎಂದು ಹೆಸರು ಬದಲಾಗಿದೆ. ಪತ್ರದಲ್ಲಿ ಆ ಪದ ಕಂಡು ಗಾಬರಿಯಾಗಬೇಡಿ.

ಹಣದ ಲೆಕ್ಕ

ಡಿಸೆಬಿಲಿಟಿ ಪೆನ್ಷನ್ ಎಂದರೆ ಎರಡು ತುಂಡು. ಒಂದು ಸರ್ವಿಸ್ ಎಲಿಮೆಂಟ್, ಇದು ಕೊನೆಯ ಸಂಬಳದ ಅರ್ಧ. ಇನ್ನೊಂದು ಡಿಸೆಬಿಲಿಟಿ ಎಲಿಮೆಂಟ್, ಇದು ಶೇ 100 ಅಂಗವೈಕಲ್ಯಕ್ಕೆ ಕೊನೆಯ ಸಂಬಳದ ಶೇ 30. ಶೇಕಡ ಇಳಿದಂತೆ ಇದೂ ಇಳಿಯುತ್ತದೆ. ಸೇವೆಯ ನಂಟು ಒಪ್ಪಿ ಬೋರ್ಡ್ ಔಟ್ ಮಾಡಿದ್ದರೆ ಸರ್ವಿಸ್ ಎಲಿಮೆಂಟ್‌ಗೆ ಕನಿಷ್ಠ ಸೇವಾವಧಿ ಬೇಕಿಲ್ಲ. ಮೂರೇ ವರ್ಷ ಸೇವೆಯಾಗಿದ್ದರೂ ಸಿಗಬೇಕು. "15 ವರ್ಷ ಆಗಿಲ್ಲ, ನಿನಗೆ ಪೆನ್ಷನ್ ಇಲ್ಲ" ಎಂದು ಯಾರಾದರೂ ಹೇಳಿದರೆ ಅದು ಮಾಮೂಲಿ ಸರ್ವಿಸ್ ಪೆನ್ಷನ್‌ನ ಮಾತು, ಇದಕ್ಕೆ ಸೇರಿದ್ದಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಮೂಲವೇತನ 30,000, ಮಿಲಿಟರಿ ಸರ್ವಿಸ್ ಪೇ 5,200, ಒಟ್ಟು 35,200 ರೂಪಾಯಿ. ಸರ್ವಿಸ್ ಎಲಿಮೆಂಟ್ 17,600. ಶೇ 100ಕ್ಕೆ ಡಿಸೆಬಿಲಿಟಿ ಎಲಿಮೆಂಟ್ 10,560. ಬೋರ್ಡ್ ಶೇ 30 ಎಂದು ಬರೆದಿದ್ದರೆ ನೇರ ಲೆಕ್ಕದಲ್ಲಿ 3,168. ಆದರೆ ಬೋರ್ಡ್ ಔಟ್ ಆದವನಿಗೆ ಇಲ್ಲಿ 'ಬ್ರಾಡ್ ಬ್ಯಾಂಡಿಂಗ್' ಸಿಗುತ್ತದೆ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಪತ್ರದ ಪ್ರಕಾರ ಶೇ 50ಕ್ಕಿಂತ ಕಡಿಮೆ ಇದ್ದರೆ 50 ಎಂದೂ, 50ರಿಂದ 75 ಇದ್ದರೆ 75 ಎಂದೂ, 76ರಿಂದ ಮೇಲಿದ್ದರೆ 100 ಎಂದೂ ಹಿಡಿಯಬೇಕು. ಆಗ 3,168ರ ಬದಲು 5,280. ಎಲ್ಲದರ ಮೇಲೂ ತುಟ್ಟಿಭತ್ಯೆ ಸೇರುತ್ತದೆ. ತಿಂಗಳಿಗೆ ಎರಡು ಸಾವಿರ ಚಿಲ್ಲರೆಯ ವ್ಯತ್ಯಾಸ ಸಣ್ಣದೆನಿಸಬಹುದು. ಜೀವನಪೂರ್ತಿ ಬರುವ ಹಣ ಅದು.

ಬ್ರಾಡ್ ಬ್ಯಾಂಡಿಂಗ್ ಬೋರ್ಡ್ ಔಟ್ ಆದವರಿಗೆ ಮಾತ್ರ ಎಂದು ಸರ್ಕಾರ ಬಹುಕಾಲ ಹೇಳಿತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಕೊಡಬೇಕು ಎಂದು 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪು ಹೇಳಿತು. ಆ ವರ್ಗದವರಲ್ಲಿ ಅನೇಕರು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಿಯೇ ಅದನ್ನು ಪಡೆಯಬೇಕಾಗಿ ಬಂದಿದೆ. ಶೇ 20ರ ಗೆರೆಯನ್ನೂ ಮರೆಯಬೇಡಿ. ಅವಧಿ ಮುಗಿಸಿ ಬಂದವನಿಗೆ ಶೇ 20ಕ್ಕಿಂತ ಕಡಿಮೆ ಬರೆದಿದ್ದರೆ ಡಿಸೆಬಿಲಿಟಿ ಎಲಿಮೆಂಟ್ ಇಲ್ಲ, ಬ್ರಾಡ್ ಬ್ಯಾಂಡಿಂಗ್ ಕೂಡ ಇಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಆದರೆ ಕಾಯಿಲೆಯ ಕಾರಣಕ್ಕೇ ಹೊರಗೆ ಕಳಿಸಿದವನ ವಿಷಯ ಬೇರೆ. ನೌಕರಿಯನ್ನೇ ಕಳೆಯುವಷ್ಟು ದೊಡ್ಡ ಕಾಯಿಲೆ ಶೇ 20ಕ್ಕಿಂತ ಕಡಿಮೆ ಹೇಗಾದೀತು ಎಂದು 2014ರ ಜೂನ್‌ನ ಸುಖ್ವಿಂದರ್ ಸಿಂಗ್ ತೀರ್ಪು ಕೇಳಿತು. ಹಾಗಾಗಿ ಶೇ 6ರಿಂದ 10, ಶೇ 11ರಿಂದ 14 ಎಂದು ಬರೆದು ಬೋರ್ಡ್ ಔಟ್ ಮಾಡಿದವರು ಸುಮ್ಮನಿರಬಾರದು.

ಶತ್ರುವಿನೊಡನೆ ಹೋರಾಟದಲ್ಲಿ ಗಾಯಗೊಂಡು ಬೋರ್ಡ್ ಔಟ್ ಆದರೆ ವಾರ್ ಇಂಜುರಿ ಪೆನ್ಷನ್. ಅಲ್ಲಿ ಶೇ 100ಕ್ಕೆ ವಾರ್ ಇಂಜುರಿ ಎಲಿಮೆಂಟ್ ಕೊನೆಯ ಸಂಬಳದಷ್ಟೇ ಇರುತ್ತದೆ, ಮೇಲಿನ ಶೇ 30ರ ಲೆಕ್ಕವಲ್ಲ. ಗಾಯವನ್ನು ಯಾವ ವರ್ಗಕ್ಕೆ ಸೇರಿಸಿದ್ದಾರೆ ಎಂಬುದರ ಮೇಲೆ ಹಣ ಮೂರು ಪಟ್ಟಿಗಿಂತ ಹೆಚ್ಚು ಬದಲಾಗುವುದರಿಂದ, ಬ್ಯಾಟಲ್ ಕ್ಯಾಶುಯಲ್ಟಿ (ಹೋರಾಟದ ಗಾಯಾಳು) ಎಂದು ಯೂನಿಟ್ ಹೊರಡಿಸುವ ಪಾರ್ಟ್ 2 ಆರ್ಡರ್‌ನಲ್ಲಿ ಪ್ರಕಟವಾಗಿದೆಯೇ ಎಂದು ಯೂನಿಟ್ ಬಿಡುವ ಮೊದಲೇ ಖಚಿತಮಾಡಿಕೊಳ್ಳಬೇಕು.

ಶೇ 100 ಅಂಗವೈಕಲ್ಯವಿದ್ದು, ಉಣ್ಣಲು, ಸ್ನಾನಕ್ಕೆ, ಹೊರಳಲು ಇನ್ನೊಬ್ಬರ ಕೈ ಬೇಕಾದವರಿಗೆ ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲೋಯೆನ್ಸ್ ಇದೆ. 2017ರ ಜುಲೈ 1ರಿಂದ ಅದು ತಿಂಗಳಿಗೆ 6,750 ರೂಪಾಯಿ ಆಯಿತು. ಇದು ತಾನಾಗಿ ಬರುವುದಿಲ್ಲ. ಅಟೆಂಡೆಂಟ್ ಬೇಕು ಎಂದು ಬೋರ್ಡ್ ಬರೆಯಬೇಕು. ನೋಡಿಕೊಳ್ಳುವವರು ಹೆಂಡತಿಯೋ ತಾಯಿಯೋ ಆಗಿದ್ದರೆ "ಸಂಬಳ ಕೊಡುತ್ತಿಲ್ಲವಲ್ಲ" ಎಂದು ಕೇಳದೇ ಬಿಡುವವರಿದ್ದಾರೆ; ದಯವಿಟ್ಟು ಬಿಡಬೇಡಿ.

ಬೋರ್ಡ್ ಎಷ್ಟು ಕಾಲಕ್ಕೆ ಎಂದು ಬರೆದಿದೆ ಎಂಬುದನ್ನೂ ನೋಡಿ. "5 ವರ್ಷಕ್ಕೆ" ಎಂದು ಬರೆದು, ಅವಧಿ ಮುಗಿದೊಡನೆ ಪಿಂಚಣಿ ನಿಂತುಹೋದ ಪ್ರಕರಣಗಳು ಬಹಳ. ವಾಸಿಯಾಗದ ಕಾಯಿಲೆಗಳಲ್ಲಿ ಬೋರ್ಡಿನ ಅಂದಾಜು ಜೀವನಪೂರ್ತಿಗೆ ಎಂಬುದು 2001ರ ಫೆಬ್ರವರಿ 7ರ ಸರ್ಕಾರಿ ಪತ್ರದ ನಿಲುವು. ನೌಕಾಪಡೆಯ ಅಧಿಕಾರಿಯೊಬ್ಬರಿಗೆ ಮಧುಮೇಹಕ್ಕೆ ಐದು ವರ್ಷ ಎಂದು ಬರೆದಿದ್ದ ಪ್ರಕರಣದಲ್ಲಿ 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೀವನಪೂರ್ತಿ ಕೊಡಿ ಎಂದಿತು.

ನಂಟಿಲ್ಲ ಎಂದೇ ಉಳಿದರೆ

ಎಲ್ಲ ಪ್ರಕರಣಗಳೂ ಗೆಲ್ಲುವುದಿಲ್ಲ. ನಂಟಿಲ್ಲ ಎಂಬ ತೀರ್ಮಾನವೇ ಉಳಿದರೆ ಇನ್‌ವ್ಯಾಲಿಡ್ ಪೆನ್ಷನ್ ಎಂಬ ಇನ್ನೊಂದು ದಾರಿಯಿದೆ. ಹತ್ತು ವರ್ಷ ಅಥವಾ ಹೆಚ್ಚು ಸೇವೆಯಾಗಿ ಬೋರ್ಡ್ ಔಟ್ ಆದವರಿಗೆ ಇದು ಮೊದಲಿನಿಂದ ಇತ್ತು. ಹತ್ತು ಆಗದವರಿಗೆ ಒಂದು ಬಾರಿಯ ಗ್ರಾಚ್ಯುಟಿ ಕೊಟ್ಟು ಕಳಿಸುತ್ತಿದ್ದರು. 2020ರ ಜುಲೈನಲ್ಲಿ ಸರ್ಕಾರ ಹತ್ತು ವರ್ಷ ಆಗದವರಿಗೂ ಇದನ್ನು ಕೊಟ್ಟಿತು, ಎರಡು ಷರತ್ತು ಹಾಕಿ. 2019ರ ಜನವರಿ 4ರಂದು ಅಥವಾ ಆಮೇಲೆ ಸೇವೆಯಲ್ಲಿ ಇದ್ದಿರಬೇಕು. ಸೈನಿಕ ಸೇವೆಗಷ್ಟೇ ಅಲ್ಲ, ಹೊರಗಿನ ಉದ್ಯೋಗಕ್ಕೂ ಕಾಯಂ ಅಸಮರ್ಥ ಎಂದಾಗಿರಬೇಕು.

"ಕೆಲಸ ಮಾಡಲು ಆಗುವುದಿಲ್ಲ" ಎಂಬ ಮಾತಿಗೆ ನಿಯಮದಲ್ಲಿ ನೇರ ಬೆಲೆ ಬಂದಿರುವುದು ಇಲ್ಲಿ. ಬೋರ್ಡಿನ ಕಾಗದದಲ್ಲಿ "ನಾಗರಿಕ ಉದ್ಯೋಗಕ್ಕೆ ಅರ್ಹ" ಎಂಬ ಸಾಲು ಬಿದ್ದರೆ ಹತ್ತು ವರ್ಷ ಆಗದವನ ಈ ಬಾಗಿಲು ಮುಚ್ಚಿತು. ತೀವ್ರ ಮಾನಸಿಕ ಕಾಯಿಲೆ ಇರುವವನಿಗೂ "ಹಗುರ ಕೆಲಸ ಮಾಡಬಲ್ಲ" ಎಂದು ಅಭ್ಯಾಸಬಲದಿಂದ ಬರೆಯುವುದುಂಟು. ಬೋರ್ಡ್ ನಡೆಯುವಾಗ ಮನೆಯವರು ಜೊತೆಯಲ್ಲಿದ್ದರೆ ಈ ಕಲಂ ಬಗ್ಗೆ ವೈದ್ಯರನ್ನು ಕೇಳಬೇಕು. ಆಗಲೇ ಬರೆದುಬಿಟ್ಟಿದ್ದರೆ ಮನೆಗೆ ಬಂದ ಮೇಲಿನ ಚಿಕಿತ್ಸೆಯ ಚೀಟಿಗಳನ್ನು, ಕೆಲಸಕ್ಕೆ ಸೇರಿ ಬಿಟ್ಟ ದಾಖಲೆಗಳನ್ನು ಕೂಡಿಡಿ. ಲಖನೌದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2022ರ ಮಾರ್ಚ್‌ನಲ್ಲಿ 2019ರ ಜನವರಿ 4 ಎಂಬ ಗಡಿ ದಿನಾಂಕವನ್ನು ಒಪ್ಪಲಿಲ್ಲ. 2019ಕ್ಕಿಂತ ಮೊದಲು ಹೊರಬಂದವರ ಅರ್ಜಿಗಳಲ್ಲಿ ಆ ತೀರ್ಪನ್ನು ಉಲ್ಲೇಖಿಸಬೇಕು.

ಬೋರ್ಡೇ ಇಲ್ಲದೆ "ಲೋ ಮೆಡಿಕಲ್ ಕೆಟಗರಿ (ಆರೋಗ್ಯದ ದರ್ಜೆ ಕಡಿಮೆ)" ಎಂದು ಮನೆಗೆ ಕಳಿಸಿದ್ದರೆ ಅದು ಇನ್ನೊಂದೇ ತಪ್ಪು. ಇನ್‌ವ್ಯಾಲಿಡಿಂಗ್ ಬೋರ್ಡಿನ ಶಿಫಾರಸಿಲ್ಲದೆ ಹಾಗೆ ಕಳಿಸುವಂತಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ರಾಜ್‌ಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಜಿಲ್ಲಾ ಆಸ್ಪತ್ರೆಯ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಬಗ್ಗೆಯೂ ಒಂದು ಮಾತು. ಅದರಲ್ಲಿ ಶೇ 75 ಎಂದಿದ್ದರೂ ಸೈನಿಕ ಪಿಂಚಣಿಗೆ ಆ ಅಂಕಿ ಲೆಕ್ಕಕ್ಕಿಲ್ಲ. ಸೈನಿಕ ಆಸ್ಪತ್ರೆಯ ಬೋರ್ಡೇ ಆಗಬೇಕು. ಆದರೂ ಮಾಡಿಸಿಡಿ. ಬಸ್ ಪಾಸ್‌ನಂಥ ನಾಗರಿಕ ಸೌಲಭ್ಯಗಳಿಗೆ ಬೇಕಾಗುತ್ತದೆ.

ಅಗ್ನಿವೀರರಿಗೆ ಈ ಪಿಂಚಣಿಗಳು ಇಲ್ಲ. ಸೇವೆಯ ನಂಟು ಒಪ್ಪಿದ ಅಂಗವೈಕಲ್ಯಕ್ಕೆ ಒಂದೇ ಬಾರಿಯ ಪರಿಹಾರ: ಶೇ 100ಕ್ಕೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ. ಜೊತೆಗೆ ಉಳಿದ ಅವಧಿಯ ವೇತನ, ಸೇವಾ ನಿಧಿ. ಇಪ್ಪತ್ತೆರಡರ ಹುಡುಗನೊಬ್ಬ ಬೆನ್ನುಮೂಳೆ ಮುರಿದುಕೊಂಡರೆ ಮುಂದಿನ ಐವತ್ತು ವರ್ಷಕ್ಕೆ ಅದು ಎಷ್ಟರದು ಎಂದು ಲೆಕ್ಕ ಹಾಕಿದರೆ ಸಂಕಟವಾಗುತ್ತದೆ. ಅವರ ಮಟ್ಟಿಗೆ ಬೋರ್ಡಿನ ನಂಟಿನ ಕಲಂ ಇನ್ನೂ ದೊಡ್ಡದು, ಏಕೆಂದರೆ ಅಲ್ಲಿ ತಪ್ಪಿದರೆ ಹಿಂದೆ ಇನ್ನೊಂದು ದಾರಿ ಇಲ್ಲ.

ಕಚೇರಿಯಿಂದ ಕಚೇರಿಗೆ

ಮೊದಲ ಕೆಲಸ ಬೋರ್ಡಿನ ಪೂರ್ತಿ ಪ್ರತಿ ಪಡೆಯುವುದು. ಕೊಡದಿದ್ದರೆ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸ್‌ಗೆ ಆರ್‌ಟಿಐ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಯಾವ ರೆಕಾರ್ಡ್ ಆಫೀಸ್ ಎಂಬುದು ನಿಮ್ಮ ಜಿಲ್ಲೆಯ ಮೇಲಲ್ಲ, ನಿಮ್ಮ ರೆಜಿಮೆಂಟ್ ಅಥವಾ ಕೋರ್ ಮೇಲೆ ನಿಂತಿದೆ. ಮದ್ರಾಸ್ ಸ್ಯಾಪರ್ಸ್ ಎಂದರೆ ಎಂಇಜಿಯದು ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿ, ಆರ್ಟಿಲರಿಯದು ನಾಸಿಕ್, ಸಿಗ್ನಲ್ಸ್‌ನದು ಜಬಲ್‌ಪುರ, ಇಎಂಇಯದು ಸಿಕಂದರಾಬಾದ್. ಕೇಳುವಾಗ ಪಟ್ಟಿ ಕೊಡಿ: ಎಎಫ್‌ಎಂಎಸ್‌ಎಫ್-16ರ ಎಲ್ಲ ಪುಟಗಳು, ಸೇರುವಾಗಿನ ವೈದ್ಯಕೀಯ ತಪಾಸಣೆ, ಪೋಸ್ಟಿಂಗ್ ವಿವರ, ಗಾಯದ ವರದಿ, ತಿರಸ್ಕಾರದ ಆದೇಶ. "ನನ್ನ ಎಲ್ಲ ದಾಖಲೆ ಕೊಡಿ" ಎಂದು ಬರೆದರೆ ಡಿಸ್ಚಾರ್ಜ್ ಬುಕ್‌ನ ಎರಡು ಪುಟ ಬಂದು ಕೈಸೇರುತ್ತದೆ.

ತಿರಸ್ಕಾರದ ಪತ್ರ ಸಿಕ್ಕ ಆರು ತಿಂಗಳೊಳಗೆ ಮೊದಲ ಅಪೀಲು. ಅದೂ ತಿರಸ್ಕೃತವಾದರೆ ಮತ್ತೆ ಆರು ತಿಂಗಳೊಳಗೆ ಎರಡನೆಯ ಅಪೀಲು. ಎರಡೂ ರೆಕಾರ್ಡ್ ಆಫೀಸ್ ಮೂಲಕ, ಸ್ಪೀಡ್ ಪೋಸ್ಟ್‌ನಲ್ಲಿ; ರಸೀದಿಯನ್ನು ಅಪೀಲಿನ ಪ್ರತಿಗೇ ಪಿನ್ ಮಾಡಿ. ನ್ಯಾಯಮಂಡಳಿಗೆ ಹೋಗುವ ಮೊದಲು ಇಲಾಖೆಯೊಳಗಿನ ದಾರಿಗಳನ್ನು ಮುಗಿಸಿರಬೇಕು ಎಂಬುದು ಕಾನೂನು. ಅರ್ಜಿ ಕೊಟ್ಟು ಆರು ತಿಂಗಳಾದರೂ ಉತ್ತರ ಬರದಿದ್ದರೆ ಕಾದು ಕೂರಬೇಕಾಗಿಲ್ಲ, ಮುಂದೆ ಹೋಗಬಹುದು. ಆ ಆರು ತಿಂಗಳನ್ನು ತೋರಿಸುವುದು ಅದೇ ರಸೀದಿ.

ಕರ್ನಾಟಕದವರಿಗೆ ನ್ಯಾಯಮಂಡಳಿಯ ಪೀಠ ಕೊಚ್ಚಿ. ತಡವಾಗಿ ಹೋದವರೂ ಆಸೆ ಬಿಡಬೇಕಾಗಿಲ್ಲ. ಪಿಂಚಣಿ ಪ್ರತಿ ತಿಂಗಳೂ ತಪ್ಪುವ ಹಣವಾದ್ದರಿಂದ ಹಳೆಯ ಪ್ರಕರಣವೂ ಸತ್ತಿರುವುದಿಲ್ಲ ಎಂದು 2008ರ ತರ್ಸೇಮ್ ಸಿಂಗ್ ತೀರ್ಪು ಹೇಳುತ್ತದೆ. ಆದರೆ ಬಾಕಿ ಹಣವನ್ನು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ ಕೊಡುತ್ತಾರೆ. 2005ರಲ್ಲಿ ಬೋರ್ಡ್ ಔಟ್ ಆಗಿ 2024ರಲ್ಲಿ ಅರ್ಜಿ ಹಾಕಿ ಗೆದ್ದರೆ ಹಣ 2021ರಿಂದ. ಮಧ್ಯದ ಹದಿನಾರು ವರ್ಷದ್ದು ಹೋಯಿತು. "ಮುಂದಿನ ವರ್ಷ ನೋಡೋಣ" ಎಂದಾಗಲೆಲ್ಲ ಒಂದು ವರ್ಷದ ಪಿಂಚಣಿ ಕೈಬಿಡುತ್ತಿರುತ್ತದೆ.

ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ. ನಿಮ್ಮ ಜಿಲ್ಲೆಯಲ್ಲಿ ಕಚೇರಿ ಇಲ್ಲದಿದ್ದರೆ ಪಕ್ಕದ ಜಿಲ್ಲೆಯದಕ್ಕೆ ನಿಮ್ಮನ್ನು ಸೇರಿಸಿರುತ್ತಾರೆ. ಅವರು ಅಪೀಲನ್ನು ಮುಂದಕ್ಕೆ ಕಳಿಸಿಕೊಡುತ್ತಾರೆ, ಕೇಂದ್ರೀಯ ಸೈನಿಕ ಮಂಡಳಿಯ ಸಹಾಯಧನಗಳಿಗೆ ಅರ್ಜಿ ಹಾಕಿಸುತ್ತಾರೆ. ಹೊಸ ಕಸುಬು ಕಲಿಯಲು ಪುಣೆಯ ಖಡ್ಕಿಯಲ್ಲಿ ಅಂಗವಿಕಲ ಸೈನಿಕರಿಗೆಂದೇ 1917ರಲ್ಲಿ ಹುಟ್ಟಿದ ಕ್ವೀನ್ ಮೇರಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ. ಬೆನ್ನುಹುರಿ ಜಖಂ ಆದವರಿಗೆ ಅಲ್ಲೇ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ, ಕೃತಕ ಕೈಕಾಲಿಗೆ ಪುಣೆಯದೇ ಆರ್ಟಿಫಿಶಿಯಲ್ ಲಿಂಬ್ ಸೆಂಟರ್.

ಪಿಂಚಣಿ ಮಂಜೂರಾದ ಮೇಲೆ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ಈಗ ರಕ್ಷಣಾ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ಬರುತ್ತದೆ. ಭೂಸೇನೆಯವರದು ಪ್ರಯಾಗ್‌ರಾಜ್‌ನ ಪಿಸಿಡಿಎ ಕಚೇರಿಯಿಂದ. ಬಂದ ದಿನವೇ ನಾಲ್ಕು ಅಂಶ ನೋಡಿ: ಡಿಸೆಬಿಲಿಟಿ ಎಲಿಮೆಂಟ್ ಬೇರೆ ಸಾಲಿನಲ್ಲಿ ಇದೆಯೇ, ಬ್ರಾಡ್ ಬ್ಯಾಂಡಿಂಗ್ ಪ್ರಕಾರ ಶೇಕಡ ಏರಿದೆಯೇ, ಅವಧಿ ಜೀವನಪೂರ್ತಿ ಎಂದಿದೆಯೇ, ಹೆಂಡತಿಯ ಹೆಸರು ಹುಟ್ಟಿದ ದಿನಾಂಕ ಆಧಾರ್‌ನಲ್ಲಿರುವಂತೆಯೇ ಇದೆಯೇ. ಕೊನೆಯದು ತಪ್ಪಿದ್ದರೆ ಮುಂದೆ ಫ್ಯಾಮಿಲಿ ಪೆನ್ಷನ್ ಕೇಳುವ ದಿನ ಆಕೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಗಂಡನೇ ಬದುಕಿದ್ದಾಗ ಅದು ಒಂದು ಅರ್ಜಿಯ ಕೆಲಸ. ವರ್ಷಕ್ಕೊಮ್ಮೆ ಜೀವನ್ ಪ್ರಮಾಣ್ ಕೊಡುವುದನ್ನು ತಪ್ಪಿಸಬೇಡಿ.

ಹಾಸಿಗೆ ಹಿಡಿದವರ, ಮನಸ್ಸಿನ ಹಿಡಿತ ತಪ್ಪಿದವರ ಪ್ರಕರಣಗಳಲ್ಲಿ ಕಾಗದ ಹುಡುಕುವವರು ಹೆಂಡತಿ, ಇಲ್ಲವೇ ತಾಯಿ. ಆತನ ಪರವಾಗಿ ಅವರೇ ಅರ್ಜಿ ಹಾಕಬಹುದು. ಟ್ರಂಕಿನಲ್ಲಿ ಏನೂ ಸಿಗದಿದ್ದರೆ ಡಿಸ್ಚಾರ್ಜ್ ಬುಕ್‌ನಲ್ಲಿರುವ ಸರ್ವಿಸ್ ನಂಬರ್ ಒಂದಿದ್ದರೆ ಸಾಕು, ಉಳಿದದ್ದನ್ನು ರೆಕಾರ್ಡ್ ಆಫೀಸ್‌ನಿಂದ ತರಿಸಬಹುದು. ಆದರೆ ಬೇಗ ಕೇಳಬೇಕು. ಪಿಂಚಣಿ ಇಲ್ಲದೆ ಹೊರಬಂದವರ ಸೇವಾ ದಾಖಲೆಗಳನ್ನು 25 ವರ್ಷ ಇಟ್ಟು ಆಮೇಲೆ ನಾಶಮಾಡುತ್ತಾರೆ. 2002ರಲ್ಲಿ ಬರಿಗೈಲಿ ಮನೆಗೆ ಬಂದವರ ಕಡತಕ್ಕೆ ಆ ಗಡುವು 2027.